ಖಾಲಿ ಹೊಟ್ಟೆ

"ಹುಲ್ಲೆಲ್ಲಿ?"

ಹುಡುಗಿ ಗೂಡಿನ ಮುಂದೆ ಮಂಡಿಯೂರಿ ಕೂತಿದ್ದಳು. ಒಂದು ಕೈಯಲ್ಲಿ ಗೂಡಿನ ಬಾಗಿಲು, ಇನ್ನೊಂದರಲ್ಲಿ ಅರ್ಧ ಹೆಣೆದ ಜಡೆ. ಮೂಲೆಯಲ್ಲಿ ಸದಾ ತುರುಕಿ ತುಂಬಿರುತ್ತಿದ್ದ ಒಣಹುಲ್ಲು ಇರಲಿಲ್ಲ. ಸೌತೆಕಾಯಿ ಹೋಳಿನ ತಟ್ಟೆಯೂ ಇರಲಿಲ್ಲ. ನೀರಿನ ಸೀಸೆ ಮಾತ್ರ ಸರಳಿಗೆ ಜೋತುಬಿದ್ದಿತ್ತು. ಎರಡು ಗಿನಿಪಿಗ್‌ಗಳು, ಗುಂಡಿ ಮತ್ತು ಕಾಜಾ, ಬರಿಯ ಹಾಸಿನ ಮೇಲೆ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

ಅಡುಗೆಕಟ್ಟೆಗೆ ಒರಗಿ ಕಾಫಿ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟ. "ನಿನ್ನೆ ಸಂಜೆನೇ ತೆಗೆದಿಟ್ಟೆ. ಇವತ್ತು ಆಪರೇಷನ್ ಅಲ್ವಾ, ಖಾಲಿ ಹೊಟ್ಟೇಲಿರ್ಬೇಕು," ಎಂದ.

ಜನರಿಗೆ ಅರಿವಳಿಕೆ ಕೊಡುವುದು ಅವನ ಕಸುಬು. ದೊಡ್ಡ ಆಸ್ಪತ್ರೆಯಲ್ಲಿ, ಆಪರೇಷನ್ ಕೋಣೆಯ ಮೇಜಿನ ತಲೆಯ ಕಡೆ ಕೂರುವವನು. ಹೊಟ್ಟೆ ಕೊಯ್ದವರ ಹೆಸರನ್ನು ರೋಗಿಗಳು ಜನ್ಮವಿಡೀ ಹೇಳಿಕೊಳ್ಳುತ್ತಾರೆ. ಮಲಗಿಸಿದವನ ಮುಖ ಯಾರಿಗೂ ನೆನಪಿರುವುದಿಲ್ಲ, ನೋಡಿದ ಮರುಗಳಿಗೆಗೇ ಅವರು ನಿದ್ದೆಗೆ ಜಾರಿರುತ್ತಾರೆ. ನರ್ಸುಗಳು ಅವನನ್ನು ನಿದ್ದೆ ಡಾಕ್ಟ್ರು ಎನ್ನುತ್ತಿದ್ದರು. ಅವನ ವಿದ್ಯೆಯ ಮೊದಲ ಪಾಠವೇ ಹೊಟ್ಟೆಯಲ್ಲಿ ಅನ್ನವಿರುವವನನ್ನು ಮಲಗಿಸಬಾರದು ಎಂಬುದು. ಪ್ರಜ್ಞೆಯಿಲ್ಲದವನು ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಂತ್ರಿಯಾಗಲಿ ಮಗುವಾಗಲಿ, ಹಿಂದಿನ ರಾತ್ರಿಯಿಂದ ಬಾಯಿಗೆ ಬೀಗ. ಈ ವಿಷಯದಲ್ಲಿ ಅವನು ಯಾರ ಮಾತನ್ನೂ ಕೇಳಿದವನಲ್ಲ.

"ಪ್ರಾಣಿ ಡಾಕ್ಟ್ರು ಏನ್ ಹೇಳಿದ್ರು? ತಿನ್ತಾನೇ ಇರ್ಬೇಕು ಅಂದ್ರು. ನಾನು ಕಾರಲ್ಲಿ ಹೇಳ್ಲಿಲ್ವಾ?"

"ನೀನು ಹೇಳ್ದೆ. ನಿಂಗೆ ಸರಿಯಾಗಿ ಕೇಳಿಸಿಲ್ಲ ಅನ್ಕೊಂಡೆ."

"ನಿಂಗೇ ಕೇಳಿಸಿಲ್ಲ. ನೀನು ಹೊರಗಡೆ ಫೋನಲ್ಲಿ ಮಾತಾಡ್ತಾ ನಿಂತಿದ್ದೆ. ಯಾರನ್ನ ಕೇಳಿ ತೆಗೆದೆ ನೀನು?"

ಅವನು ತಬ್ಬಿಬ್ಬಾದ. ಅದು ತನ್ನ ತಪ್ಪಿನಿಂದಲೋ, ಆ 'ನೀನು' ಎಂಬ ಪದದಿಂದಲೋ ಅವನಿಗೂ ತಿಳಿಯಲಿಲ್ಲ.

ಅವನು ಈ ಮನೆಗೆ ಬಂದು ವರ್ಷ ಕಳೆದಿತ್ತು. ಹುಡುಗಿಯ ತಾಯಿಯನ್ನು ಮದುವೆಯಾಗಿ ಬಂದವನು. ಹುಡುಗಿಯ ತಂದೆ ತೀರಿಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಈ ಒಂದು ವರ್ಷದಲ್ಲಿ ಹುಡುಗಿ ಅವನನ್ನು ಏನೆಂದೂ ಕರೆದಿರಲಿಲ್ಲ. ಅಪ್ಪ ಎನ್ನುವುದಂತೂ ದೂರದ ಮಾತು. ನೀವು ಎಂದೂ ಇಲ್ಲ, ನೀನು ಎಂದೂ ಇಲ್ಲ. "ಊಟ ಆರೋಗ್ತಿದೆ", "ಬಾಗಿಲು ಹಾಕ್ಬೇಕಂತೆ", "ಕಾರಿನ ಕೀ ಸೋಫಾ ಮೇಲಿದೆ", ಹೀಗೆ ಗೋಡೆಗೆ ಹೇಳುವಂತೆ ಹೇಳಿ ಹೋಗುತ್ತಿದ್ದಳು. ಅಂಥ ಎರಡು ಪದಗಳನ್ನು ಬದಿಗಿಟ್ಟು ವರ್ಷವಿಡೀ ಒಂದೇ ಸೂರಿನಡಿ ಸಂಸಾರ ನಡೆಸುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ. ಭಾಷೆ ಕಲಿಸುವ ಟೀಚರ ಮಗಳು ಎಂದು ಅವನು ಒಳಗೊಳಗೇ ಮೆಚ್ಚಿಕೊಂಡದ್ದೂ ಉಂಟು. ಹೆಂಡತಿ ಮಾತ್ರ, "ಬಿಡು, ಕಾಯನ್ನ ಗುದ್ದಿ ಹಣ್ಣು ಮಾಡೋಕಾಗಲ್ಲ," ಎಂದಿದ್ದಳು. ಈಗ ಆಕೆ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಬೇರೆ ಊರಿಗೆ ಹೋಗಿದ್ದಳು. ಇವರಿಬ್ಬರೇ ಮನೆಯಲ್ಲಿ ಉಳಿದದ್ದು ಇದೇ ಮೊದಲು. ಆಕೆ ಅತ್ತ ಬಸ್ಸು ಹತ್ತಿದ್ದೇ ತಡ, ಇತ್ತ ಗುಂಡಿ ಉಚ್ಚೆ ಹೊಯ್ಯುವಾಗ ಕಿರುಚತೊಡಗಿತು; ಹಾಸಿನ ಮೇಲೆ ರಕ್ತದ ಕಲೆ ಕಾಣಿಸಿತು. ಮೂತ್ರಕೋಶದ ಬಾಯಲ್ಲಿ ಕಲ್ಲು ಸಿಕ್ಕಿಕೊಂಡಿದೆ, ತೆಗೆಯಲೇಬೇಕು ಎಂದರು ಪ್ರಾಣಿ ಡಾಕ್ಟರು.

ಅವನು ಫೋನ್ ಎತ್ತಿಕೊಂಡು ಅವರಿಗೇ ಕರೆ ಮಾಡಿದ. ನಡೆದದ್ದನ್ನು ಹೇಳಿದ. ಅತ್ತಲಿಂದ ಅವಸರದ ದನಿ ಬಂತು.

"ಈಗ್ಲೇ ಹುಲ್ಲು ಹಾಕಿ. ಹಾಕ್ಕೊಂಡೇ ಇಲ್ಲಿಗೆ ತನ್ನಿ. ಜೊತೇಲಿರೋದನ್ನೂ ತನ್ನಿ, ಒಂದನ್ನೇ ತರ್ಬೇಡಿ."

ಪ್ರಾಣಿ ಆಸ್ಪತ್ರೆ ಅಂಗಡಿಗಳ ಸಾಲಿನ ಕೊನೆಯಲ್ಲಿತ್ತು. ಪಕ್ಕದಲ್ಲಿ ಬೀಗ ರಿಪೇರಿ ಮಾಡುವವನ ಅಂಗಡಿ. ಒಳಗೆ ಬೆಂಚಿನ ಮೇಲೆ ದೊಡ್ಡ ನಾಯಿಯೊಂದು ತನ್ನ ಯಜಮಾನಿಯ ತೊಡೆಯ ಮೇಲೆ ತಲೆಯಿಟ್ಟು, ಜಗತ್ತಿನಲ್ಲಿ ಇನ್ನು ನೋಡುವುದೇನೂ ಉಳಿದಿಲ್ಲವೆಂಬಂತೆ ನಿಟ್ಟುಸಿರು ಬಿಡುತ್ತಿತ್ತು. ಹುಡುಗಿ ಗೂಡನ್ನು ಅದರಿಂದ ದೂರ, ಗೋಡೆಯ ಕಡೆ ತಿರುಗಿಸಿಟ್ಟಳು.

ಪ್ರಾಣಿ ಡಾಕ್ಟರು ನಡುವಯಸ್ಸು ದಾಟಿದ ಹೆಂಗಸು. ಕನ್ನಡಕ ಹಣೆಯ ಮೇಲಿತ್ತು, ತೋಳಿನ ಮೇಲೆ ಹಳೆಯ ಪರಚುಗಾಯಗಳಿದ್ದವು. ಗುಂಡಿಯನ್ನು ಎತ್ತಿ ಹೊಟ್ಟೆಯ ಮೇಲೆ ಬೆರಳಾಡಿಸಿ, ಕಿವಿಗೆ ನಳಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ಕೇಳಿದರು.

ಹುಡುಗಿ ಬಾಯಿ ತೆರೆಯುವ ಮೊದಲೇ ಅವನು, "ನಾನೇ ತೆಗೆದಿದ್ದು. ಇವಳು ಹೇಳಿದ್ಲು, ನಾನೇ ನಂಬಲಿಲ್ಲ," ಎಂದ.

"ಮನುಷ್ಯರ ಡಾಕ್ಟ್ರಾ?"

"ಹೌದು. ಅರಿವಳಿಕೆ."

"ಅದೇ ಮತ್ತೆ," ಎಂದರು ಆಕೆ. ಸಿಟ್ಟಿಗಿಂತ ದಣಿವೇ ಆ ದನಿಯಲ್ಲಿ ಹೆಚ್ಚಿತ್ತು. "ನಾಯಿಗೆ ಏನೂ ಕೊಡ್ಬೇಡಿ ಅಂದ್ರೆ ಹೊಟ್ಟೆ ಬಿರಿಯ ತಿನ್ನಿಸ್ಕೊಂಡು ಬರ್ತಾರೆ. ನಿಮಗೆ ತಿನ್ನಿಸಿ ಅಂದ್ರೆ ಉಪವಾಸ ಕೆಡವಿದೀರಾ. ಇದಕ್ಕೆ ವಾಂತಿ ಮಾಡೋಕೇ ಬರಲ್ಲ ಡಾಕ್ಟ್ರೇ. ಇದರ ಕರುಳು ಗಿರಣಿ ಇದ್ದ ಹಾಗೆ. ಮೇಲಿಂದ ಹುಲ್ಲು ಬೀಳ್ತಾನೇ ಇರ್ಬೇಕು, ಕೆಳಗಡೆ ತಿರುಗ್ತಾನೇ ಇರ್ಬೇಕು. ಒಂದ್ಸಲ ನಿಂತ್ರೆ ಮತ್ತೆ ಚಾಲೂ ಮಾಡೋದು ದೇವರ ಕೈಲಿ."

"ನಿಂತಿದೆಯಾ?" ಎಂದಳು ಹುಡುಗಿ.

"ನಿಧಾನ ಆಗಿದೆ ಮಗು. ನಿಂತಿಲ್ಲ."

ಇನ್ನೊಂದು ದಿನಕ್ಕೆ ಮುಂದೂಡುವಂತಿರಲಿಲ್ಲ. ಕಲ್ಲು ದಾರಿಗೆ ಅಡ್ಡ ಕೂತಿತ್ತು, ಉಚ್ಚೆ ಪೂರ್ತಿ ಕಟ್ಟಿದರೆ ಕಥೆ ಅಲ್ಲಿಗೇ ಮುಗಿಯುತ್ತದೆ. ಮಧ್ಯಾಹ್ನದವರೆಗೆ ತಿನ್ನಿಸಿ, ಚರ್ಮದಡಿಗೆ ಬೆಚ್ಚನೆಯ ಸಲೈನ್ ಕೊಟ್ಟು, ಆಮೇಲೆ ಕೈಹಾಕುವುದೆಂದು ಆಕೆ ತೀರ್ಮಾನಿಸಿದರು. ಬೆಳಿಗ್ಗೆ ಇದ್ದದ್ದಕ್ಕಿಂತ ಅಪಾಯ ಈಗ ಹೆಚ್ಚು ಎಂಬುದನ್ನೂ ಮುಚ್ಚಿಡದೆ ಹೇಳಿದರು. ಹೋಗುವಾಗ ಅವನ ಕಡೆ ತಿರುಗಿ, "ಒಳಗೆ ನಿಂತ್ಕೋತೀರಾ? ನನ್ನ ಅಸಿಸ್ಟೆಂಟ್ ಮಲಗಿಸೋ ಗ್ಯಾಸ್ ನೋಡ್ಕೋತಾಳೆ. ಉಸಿರಿನ ಮೇಲೆ ಇನ್ನೆರಡು ಕಣ್ಣಿದ್ರೆ ಒಳ್ಳೇದೇ," ಎಂದರು.

ಅವನು ಹುಡುಗಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು.

ಮಧ್ಯಾಹ್ನದವರೆಗೆ ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತರು. ನಡುವೆ ಗೂಡು. ಗುಂಡಿ ಎರಡು ಕಡ್ಡಿ ಹುಲ್ಲು ಎಳೆದು ಬಿಟ್ಟಿತು. ಕಾಜಾ ಮಾತ್ರ ಊರ ಉಸಾಬರಿ ತನಗೇಕೆಂಬಂತೆ ಕಚಕಚನೆ ಅಗಿಯುತ್ತಿತ್ತು. ಹೆಸರಿನಲ್ಲಿ ಹಂದಿ, ನೋಟಕ್ಕೆ ಇಲಿ, ಮೇಯುವುದು ಹಸುವಿನಂತೆ. ಈ ಪ್ರಾಣಿಯ ಯಾವ ಭಾಗವೂ ಇನ್ನೊಂದಕ್ಕೆ ಹೊಂದುವುದಿಲ್ಲವೆಂದು ಅವನಿಗೆ ಅನ್ನಿಸುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನರನ್ನು ಅವನು ಆಸ್ಪತ್ರೆಯಲ್ಲಿ ದಿನಾ ನೋಡುತ್ತಿದ್ದ. ತನ್ನ ಹೆಸರನ್ನು ಆ ಪಟ್ಟಿಗೆ ಸೇರಿಸುವ ಸಂದರ್ಭ ಇಂದಿನವರೆಗೆ ಬಂದಿರಲಿಲ್ಲ.

"ನೀನು ಮಲಗ್ಸಿದೋರೆಲ್ಲ ಎದ್ದಿದಾರಾ?" ಎಂದಳು ಹುಡುಗಿ, ಗೂಡಿನ ಕಡೆ ನೋಡುತ್ತಲೇ.

ಈ ಪ್ರಶ್ನೆಗೆ ಅವನ ಬಳಿ ಸಿದ್ಧ ಉತ್ತರವಿತ್ತು. ಹೆದರಿದ ರೋಗಿಗಳಿಗೆ, ಅವರ ಹೆಂಡಿರು ಮಕ್ಕಳಿಗೆ ದಿನಕ್ಕೆ ಎಷ್ಟೋ ಸಲ ಹೇಳುತ್ತಿದ್ದ ಉತ್ತರ. ಅದು ನಾಲಿಗೆಯ ತುದಿಗೆ ಬಂದೂ ಬಂದಿತ್ತು. ಆದರೆ ಹೆಂಡತಿ ಹೇಳಿದ್ದ ಸಂಗತಿಯೊಂದು ಅಡ್ಡ ನಿಂತಿತು. ಹುಡುಗಿಯ ತಂದೆ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ವೆಂಟಿಲೇಟರಿನಲ್ಲಿದ್ದಾಗ ಅತ್ತೆ, ಮಾವ, ಚಿಕ್ಕಮ್ಮ, ನೆರೆಯವರು, ಎಲ್ಲರೂ ಅವಳಿಗೆ ಹೇಳಿದ್ದು ಒಂದೇ ಮಾತು: ಅಪ್ಪ ನಿದ್ದೆ ಮಾಡ್ತಿದಾರೆ ಪುಟ್ಟಾ, ಏಳ್ತಾರೆ. ಅವರನ್ನು ಹೊರಗೆ ತರುವವರೆಗೂ ಹಾಗೆಯೇ ಹೇಳಿದ್ದರು.

"ಎಲ್ರೂ ಅಲ್ಲ," ಎಂದ. "ಹೆಚ್ಚುಕಮ್ಮಿ ಎಲ್ರೂ. ಆದ್ರೆ ಎಲ್ರೂ ಅಲ್ಲ."

"ಏಳದೇ ಇದ್ದೋರ ಮನೆಯವರಿಗೆ ಯಾರು ಹೇಳಿದ್ರು?"

"ನಾನೇ ಹೇಳ್ದೆ."

"ಏನಂತ?"

"ತೀರ್ಕೊಂಡ್ರು ಅಂತ."

ಹುಡುಗಿ ಹುಲ್ಲಿನ ಕಡ್ಡಿಯೊಂದನ್ನು ಸರಳಿನ ನಡುವೆ ತೂರಿಸಿ ಗುಂಡಿಯ ಮೂಗಿನ ಬಳಿ ಹಿಡಿದಳು. ಅದು ಮೂಸಿತು, ತಿನ್ನಲಿಲ್ಲ. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.

"ನೀನು ಒಳಗಡೆ ಹೋಗು," ಎಂದಳು ಕೊನೆಗೆ. "ಏನಾದ್ರೂ ಆದ್ರೆ ನೀನೇ ಬಂದು ಹೇಳು. ಅವರನ್ನ ಕಳಿಸ್ಬೇಡ. ಮಲಗಿದೆ ಅಂತ ಮಾತ್ರ ಹೇಳ್ಬೇಡ."

ಒಳಗಿನ ಕೋಣೆ ಅವನ ಆಸ್ಪತ್ರೆಯ ಉಗ್ರಾಣಕ್ಕಿಂತ ಚಿಕ್ಕದು. ಮೇಜಿನ ಮೇಲೆ ಬಿಸಿಹಾಸು ಹರಡಿತ್ತು. ಇಡೀ ರೋಗಿ ಅವನ ಎರಡು ಅಂಗೈಗಳಲ್ಲಿ ಹಿಡಿಯುತ್ತಿತ್ತು. ಸಹಾಯಕಿ ಹತ್ತಿ ಸುತ್ತಿದ ಕಡ್ಡಿಯಿಂದ ಅದರ ಬಾಯನ್ನು ಒರೆಸಿ ಒರೆಸಿ ಹುಲ್ಲಿನ ಚೂರು ತೆಗೆದಳು. ಕೆನ್ನೆಯ ಸಂದಿಯಲ್ಲಿ ಉಳಿದ ಒಂದು ಚೂರೇ ಉಸಿರಿಗೆ ಮುಳುವಾದೀತು ಎಂದಳು. ಗಂಟಲಿನ ದಾರಿ ಎಷ್ಟು ಕಿರಿದೆಂದರೆ ಅದರೊಳಗೆ ನಳಿಗೆ ಇಳಿಸುವ ಮಾತೇ ಇಲ್ಲ. ಮೂತಿಗೆ ಬೊಂಬೆಯ ಟೋಪಿಯಷ್ಟು ಪುಟ್ಟ ಮುಖವಾಡ. ಕಣ್ಣು ಒಣಗದಂತೆ ಮುಲಾಮು. ಕಾಲುಗಳಿಗೆ ಉಣ್ಣೆಯ ಬಟ್ಟೆ. ಪಾದಕ್ಕೆ ಅಂಟಿಸಿದ ಸಲಕರಣೆಯೊಂದು ನಾಡಿಯ ಸದ್ದನ್ನು ಕೋಣೆಗೆಲ್ಲ ಕೇಳಿಸುತ್ತಿತ್ತು. ಯಾರೋ ಅವಸರದಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿರುವಂತೆ. ಅವನ ಕಿವಿಗೆ ಅದು ಸಾಯುತ್ತಿರುವವನ ನಾಡಿ. "ಇದಕ್ಕೆ ಅದೇ ಸರಿ," ಎಂದರು ಪ್ರಾಣಿ ಡಾಕ್ಟರು, ಅವನ ಮುಖ ನೋಡಿ.

ಅವನು ತಲೆಯ ಬಳಿ ನಿಂತ. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ. ಆಕೆ ಕೊಯ್ದರು. ಕೆಲಸ ಬೆಣ್ಣೆಯಿಂದ ಕೂದಲು ತೆಗೆದಂತೆ ಸಾಗುತ್ತಿತ್ತು. ಅವನ ಕಣ್ಣು ಮಾತ್ರ ಪಕ್ಕೆಯ ಮೇಲಿನ ಕಂದು ರೋಮವನ್ನು ಬಿಟ್ಟು ಕದಲಲಿಲ್ಲ. ಅದು ಏಳುತ್ತಿತ್ತು, ಇಳಿಯುತ್ತಿತ್ತು. ಏಳುತ್ತಿತ್ತು, ಇಳಿಯುತ್ತಿತ್ತು. ಇಳಿಯಿತು.

"ಉಸಿರು ನಿಂತಿದೆ," ಎಂದ.

ಸಹಾಯಕಿ ಆಗಲೇ ಗ್ಯಾಸ್ ನಿಲ್ಲಿಸಿದ್ದಳು. ಆಮ್ಲಜನಕ ಮಾತ್ರ ಹರಿಯುತ್ತಿತ್ತು. ಪ್ರಾಣಿ ಡಾಕ್ಟರ ಕೈ ಹೊಟ್ಟೆಯೊಳಗೆ ಇದ್ದಲ್ಲೇ ನಿಂತಿತು. ಆಕೆ ತಲೆ ಎತ್ತಲಿಲ್ಲ. "ಎದೆ ಮೇಲೆ ಬೆರಳಿಡಿ. ಒತ್ತಬೇಡಿ, ಮೂಳೆ ಕಡ್ಡಿ ಥರ ಇರುತ್ತೆ. ಉಸಿರಾಡು ಅಂತ ಸುಮ್ನೆ ಅದಕ್ಕೆ ನೆನಪು ಮಾಡಿ."

ಅವನು ಎರಡು ಬೆರಳನ್ನು ಪಕ್ಕೆಯ ಮೇಲಿಟ್ಟ. ಎಂಥೆಂಥ ಎದೆಗಳನ್ನು ಒತ್ತಿದ ಕೈ ಅದು. ಈಗ ಹೂವಿನ ಮೇಲಿನ ಧೂಳು ತೆಗೆಯುವವನಂತೆ ಒಮ್ಮೆ ಮುಟ್ಟಿ ಬಿಟ್ಟ. ಇನ್ನೊಮ್ಮೆ. ಹೊಲಿಗೆ ಯಂತ್ರ ಓಡುತ್ತಲೇ ಇತ್ತು, ಆದರೆ ತುಳಿಯುವವನಿಗೆ ಕಾಲು ಸೋತಂತೆ. ಅವನಿಗೆ ಹೊರಗಿನ ಬೆಂಚು ನೆನಪಾಯಿತು. ಏನು ಹೇಳಬೇಕು, ಯಾವ ಪದದಿಂದ ಶುರುಮಾಡಬೇಕು ಎಂಬುದನ್ನೂ ಒಂದು ಮನಸ್ಸು ಜೋಡಿಸತೊಡಗಿತ್ತು. ಬೆರಳಿನಡಿ ಏನೋ ಎದ್ದಿತು. ಮುಖವಾಡದೊಳಗೆ ಮಂಜಿನ ಸಣ್ಣ ಚುಕ್ಕೆ ಮೂಡಿ ಅಳಿಯಿತು. ಮತ್ತೆ ಮೂಡಿತು.

"ಬಂತು," ಎಂದಳು ಸಹಾಯಕಿ.

"ಸರಿ," ಎಂದು ಪ್ರಾಣಿ ಡಾಕ್ಟರು ಕಡಲೆಬೇಳೆಯಷ್ಟು ದೊಡ್ಡ ಕಲ್ಲೊಂದನ್ನು ಹೊರತೆಗೆದು ತಟ್ಟೆಗೆ ಹಾಕಿದರು. ಟಿಣ್ ಎಂದಿತು.

ಅವನು ಹೊರಗೆ ಬಂದಾಗ ಹುಡುಗಿ ಎದ್ದು ನಿಂತಿದ್ದಳು. ಕಾಜಾ ಅವಳ ಎದೆಗೆ ಅವುಚಿಕೊಂಡಿತ್ತು.

"ಕಣ್ಣು ಬಿಟ್ಟಿದೆ," ಎಂದ. "ತಲೆ ಎತ್ತಿದೆ. ನಡುವೆ ಒಂದ್ಸಲ ಉಸಿರು ನಿಂತಿತ್ತು, ಮತ್ತೆ ಬಂತು. ಕಲ್ಲು ತೆಗೆದಾಯ್ತು."

"ಎದ್ದಿದೆ ಅಂತಾನಾ?"

"ಇನ್ನೂ ಇಲ್ಲ. ತಿಂದ್ಮೇಲೆ ಹೇಳ್ತೀನಿ."

ಹುಡುಗಿ ತಲೆಯಾಡಿಸಿದಳು. ಆಮೇಲೆ ಕಾಜಾವನ್ನು ಅವನ ಕೈಗಿತ್ತು, ಬಚ್ಚಲು ಎಲ್ಲಿದೆಯೆಂದು ಸಹಾಯಕಿಯನ್ನು ಕೇಳಿಕೊಂಡು ಹೋಗಿ ಬಹಳ ಹೊತ್ತು ಬರಲಿಲ್ಲ.

ನಿಜವಾದ ಪರದಾಟ ಶುರುವಾದದ್ದು ಮನೆಗೆ ಬಂದ ಮೇಲೆ. ಮನುಷ್ಯರಲ್ಲಿ ಕಣ್ಣು ಬಿಟ್ಟರೆ ನಿದ್ದೆ ಡಾಕ್ಟರ ಪಾಲಿನ ಕೆಲಸ ಮುಗಿಯಿತು, ಉಳಿದದ್ದು ವಾರ್ಡಿನವರ ಪಾಡು. ಇಲ್ಲಿ ಹಾಗಿರಲಿಲ್ಲ. ಗುಂಡಿ ತಿನ್ನಬೇಕು, ತಿಂದದ್ದು ಹಿಕ್ಕೆಯಾಗಿ ಬೀಳಬೇಕು. ಬೀಳುವವರೆಗೆ ಬದುಕಿತು ಎನ್ನುವಂತಿಲ್ಲ. ನೋವಿದ್ದರೆ ತಿನ್ನದು, ಆದ್ದರಿಂದ ನೋವಿನ ಔಷಧಿ ತಪ್ಪಿಸುವಂತಿಲ್ಲ. ಚಳಿಯಾದರೂ ತಿನ್ನದು, ಆದ್ದರಿಂದ ಬಿಸಿನೀರಿನ ಸೀಸೆಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬೇಕು. ಹುಲ್ಲಿನ ಪುಡಿಯನ್ನು ಬೆಚ್ಚನೆಯ ನೀರಲ್ಲಿ ಕಲಸಿ, ಸೂಜಿ ತೆಗೆದ ಸಿರಿಂಜಿನಿಂದ ತುಸುತುಸುವೇ ಬಾಯಿಗೆ ಬಿಡುತ್ತಿರಬೇಕು, ಹಗಲು ರಾತ್ರಿ ಎನ್ನದೆ.

ಮುಂದಿನ ಎರಡು ದಿನಕ್ಕೆ ಅವನು ರಜೆ ಕೇಳಿದ. "ಯಾರಿಗೆ ಹುಷಾರಿಲ್ಲ?" ಎಂದರು ಆಸ್ಪತ್ರೆಯ ಹಿರಿಯ ಸರ್ಜನ್.

"ಮನೇಲಿ ಒಬ್ಬರಿಗೆ ಆಪರೇಷನ್ ಆಗಿದೆ," ಎಂದು ಫೋನ್ ಇಟ್ಟ.

ಅಡುಗೆಮನೆಯ ನೆಲದ ಮೇಲೆ ಹಳೆಯ ಹೊದಿಕೆ ಹಾಸಿ ಇಬ್ಬರೂ ಕೂತರು. ಹುಡುಗಿ ಗುಂಡಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದಳು. ಅವನು ಸಿರಿಂಜು ಹಿಡಿದು ಮೂತಿಯ ಮುಂದಕ್ಕೆ ಒಯ್ದ. ಅದು ಹಲ್ಲು ಕಚ್ಚಿಕೊಂಡಿತು. ಹಸಿರು ಗಂಜಿ ಗಲ್ಲದ ಮೇಲೆ ಇಳಿದು ಟವೆಲಿಗೆ ಹೋಯಿತು.

"ಎದುರಿಂದ ಅಲ್ಲ. ಪಕ್ಕದಿಂದ. ಮುಂದಿನ ಹಲ್ಲಾದ್ಮೇಲೆ ಸಂದಿ ಇದೆ ನೋಡು, ಅಲ್ಲಿ."

"ಇಲ್ಲೀನಾ?"

"ಇನ್ನೂ ಹಿಂದೆ. ಒಂದೇ ಸಲಕ್ಕೆ ಸುರೀಬೇಡ, ನುಂಗೋಕೆ ಬಿಡು. ನಿಂಗೆ ಯಾರಾದ್ರೂ ಹಾಗೆ ಸುರಿದ್ರೆ?"

ಅವನು ಪಕ್ಕದಿಂದ ತೂರಿಸಿದ. ದವಡೆ ಅಲುಗಿತು. ಒಮ್ಮೆ, ಎರಡು ಸಲ, ನುಂಗಿತು. ಮೂರನೆಯದಕ್ಕೆ ತಲೆ ಕೊಡವಿ ಇದ್ದದ್ದನ್ನೆಲ್ಲ ಅವನ ಅಂಗಿಯ ಮೇಲೆ ಸಿಡಿಸಿತು. ಹುಡುಗಿ ಅಂಗಿ ನೋಡಿದಳು, ಮುಖ ನೋಡಿದಳು. ನಗು ತಡೆಯಲು ತುಟಿ ಕಚ್ಚಿದ್ದು ಕಾಣಿಸಿತು. "ಕನ್ನಡಕದ ಮೇಲೂ ಇದೆ," ಎಂದಳು.

ಮರುದಿನ ತನ್ನ ಊಟದ ಬಿಡುವಿನಲ್ಲಿ ತಾಯಿ ಫೋನ್ ಮಾಡಿದಳು. ಹುಡುಗಿ ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು, ಕೈ ಬಿಡುವಿರಲಿಲ್ಲ.

"ತಿನ್ನಿಸ್ತಿದೀವಿ ಅಮ್ಮ. ಇಲ್ಲ, ಹಿಕ್ಕೆ ಹಾಕಿಲ್ಲ ಇನ್ನೂ. ಹ್ಞೂಂ, ಅವನೇ ತಿನ್ನಿಸ್ತಿದಾನೆ. ಚೆಲ್ತಾನೆ."

ಅತ್ತಲಿನ ದನಿ, ಅವನಿಗೆ ಕೇಳಿಸುವಷ್ಟು ಸ್ಪಷ್ಟವಾಗಿ, "ಅವನು ಅಂದ್ರೆ ಯಾರೇ?" ಎಂದಿತು.

"ಇನ್ಯಾರು," ಎಂದಳು ಹುಡುಗಿ. "ಇಡ್ತೀನಿ, ಜಾರ್ತಿದೆ."

ಅವನು ಹುಲ್ಲು ತೆಗೆದಿಟ್ಟಿದ್ದ ವಿಷಯವನ್ನು ಅವಳು ತಾಯಿಯ ಬಳಿ ಎತ್ತಲಿಲ್ಲ. ಅವನು ಕಾಯುತ್ತ ಕೂತಿದ್ದ. ಎತ್ತಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆ ದಿನ ಸಂಜೆಯವರೆಗೂ ಏನೂ ಬೀಳಲಿಲ್ಲ. ಗುಂಡಿಯ ಹೊಟ್ಟೆ ಬಿಗಿಯಾಗಿ, ರೋಮ ನಿಮಿರಿ, ಅದು ಮೂಲೆಯಲ್ಲಿ ಮುದುಡಿ ಕೂತಿತು. ಪ್ರಾಣಿ ಡಾಕ್ಟರು ಫೋನಿನಲ್ಲಿ ಹೊಟ್ಟೆ ನೀವುವುದು ಹೇಗೆಂದು ಹೇಳಿಕೊಟ್ಟರು. ಕರುಳಿಗೆ ಚಾಲನೆ ಕೊಡುವ ಔಷಧಿಯನ್ನು ಇನ್ನೊಮ್ಮೆ ಹಾಕಿಸಿದರು. ನಾಳೆ ಬೆಳಿಗ್ಗೆಯೊಳಗೆ ಆಗದಿದ್ದರೆ ಕರೆತನ್ನಿ ಎಂದರು, ಕರೆತಂದರೆ ಏನು ಮಾಡುವೆನೆಂದು ಹೇಳಲಿಲ್ಲ. ಹುಡುಗಿ ಊಟ ಬೇಡವೆಂದಳು. ಅವನು ಒತ್ತಾಯಿಸಲಿಲ್ಲ. ತಟ್ಟೆಯನ್ನು ಅವಳ ಪಕ್ಕದ ನೆಲದ ಮೇಲಿಟ್ಟು ತನ್ನ ಪಾಡಿಗೆ ತಾನು ಉಂಡ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಆ ತಟ್ಟೆಯೂ ಖಾಲಿಯಾಗಿತ್ತು.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಮುಂದೆ ಹುಡುಗಿ ಬಂದು ನಿಂತು ಮುಷ್ಟಿ ಚಾಚಿದಳು.

"ಕೈ ಹಿಡಿ."

ಅವನು ಅಂಗೈ ಒಡ್ಡಿದ. ಅದರೊಳಗೆ ಬಿದ್ದದ್ದು ಒಂದು ಹಿಕ್ಕೆ. ಒಣಗಿ ಸೊಟ್ಟಗಾಗಿ, ಜೀರಿಗೆಗಿಂತ ಕೊಂಚ ದಪ್ಪವಿತ್ತು. ಬಾಯ ತುಂಬ ನೊರೆ ಇದ್ದಂತೆಯೇ ಅವನು ಅದನ್ನು ಬಲ್ಬಿನ ಬೆಳಕಿಗೆ ಹಿಡಿದು, ತಿರುಗಿಸಿ, ಅಕ್ಕಸಾಲಿಗನಂತೆ ನೋಡಿದ.

"ಇನ್ನೂ ಇದೆ," ಎಂದಳು ಹುಡುಗಿ. "ಆದ್ರೆ ತಾನಾಗಿ ತಿಂದಿಲ್ಲ."

ಮಧ್ಯಾಹ್ನ ಅವರಿಬ್ಬರೂ ಅಡುಗೆಮನೆಯ ನೆಲದ ಮೇಲೆ ಬೋರಲು ಮಲಗಿದ್ದರು. ಜನ ಹತ್ತಿರವಿದ್ದರೆ ಅದು ಮುದುಡಿಕೊಳ್ಳುತ್ತದೆಂದು ಹುಡುಗಿ ಗೂಡಿನ ಬಾಗಿಲು ತೆರೆದಿಟ್ಟು ದೂರ ಸರಿದಿದ್ದಳು. ಕಾಜಾ ಹುಲ್ಲಿನ ರಾಶಿಯಲ್ಲಿ ಅರ್ಧ ಮುಳುಗಿತ್ತು. ಗುಂಡಿ ಅದರ ಪಕ್ಕಕ್ಕೆ ಬಂತು, ನಿಂತಿತು. ಕಾಜಾದ ಬಾಯಿಂದ ಹೊರಚಾಚಿದ್ದ ಕಡ್ಡಿಯೊಂದರ ಇನ್ನೊಂದು ತುದಿಗೆ ಬಾಯಿ ಹಾಕಿತು. ಕಾಜಾ ಎಳೆಯಿತು. ಗುಂಡಿ ಬಿಡಲಿಲ್ಲ.

"ನೋಡ್ದ್ಯಾ?" ಎಂದಳು ಹುಡುಗಿ, ಉಸಿರಿನಲ್ಲಿ.

"ಶ್."

ಮುಂಬಾಗಿಲಿನ ಬೀಗದಲ್ಲಿ ಕೀಲಿ ತಿರುಗಿತು. ತಿದ್ದುವ ಕೆಲಸ ಬೇಗ ಮುಗಿಸಿ, ಸಿಕ್ಕ ಬಸ್ಸು ಹತ್ತಿ ಬಂದ ತಾಯಿ ಹಜಾರ ದಾಟಿ ಅಡುಗೆಮನೆಯ ಹೊಸ್ತಿಲಿಗೆ ಬಂದಳು. ಹೆಗಲಲ್ಲಿ ಒಂದು ಚೀಲ, ಕೈಯಲ್ಲಿ ಇನ್ನೊಂದು. ಹಳೆಯ ಹೊದಿಕೆಯ ಮೇಲೆ ಅವಳ ಗಂಡ ಮತ್ತು ಮಗಳು ಗಲ್ಲವನ್ನು ನೆಲಕ್ಕೆ ಆನಿಸಿ ಒಂದೇ ದಿಕ್ಕಿಗೆ ನೋಡುತ್ತ ಮಲಗಿದ್ದರು. ಗಂಡನ ಅಂಗಿಯ ಬೆನ್ನಿಗೂ ಹಸಿರು ಮೆತ್ತಿತ್ತು. ಇಬ್ಬರಲ್ಲಿ ಯಾರೂ ತಿರುಗಲಿಲ್ಲ. ಹುಡುಗಿಯ ಒಂದು ಕೈ ಹಿಂದಕ್ಕೆ ಬಂದು, ಅಲ್ಲೇ ನಿಲ್ಲು ಎಂಬಂತೆ ಗಾಳಿಯಲ್ಲಿ ಆಡಿತು.

ಕೋಣೆಯಲ್ಲಿ ಹುಲ್ಲು ಅಗಿಯುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ತಾಯಿ ಹೆಗಲಿನ ಚೀಲವನ್ನು ಸದ್ದಾಗದಂತೆ ಇಳಿಸಿದಳು. ಕೈಯಲ್ಲಿದ್ದ ಚೀಲದೊಳಗೆ ಪಾತ್ರೆಗಳಿದ್ದವು. ಕೆಳಗಿಟ್ಟರೆ ಸದ್ದಾದೀತೆಂದು ಅದನ್ನು ಹಿಡಿದುಕೊಂಡೇ ಹೊಸ್ತಿಲಲ್ಲಿ ನಿಂತಳು.